ಹಿತ್ತಲ ಹಕ್ಕಿಗಳ ಹಾಜರಿ

ಶಾಲೆಯ ಗಂಟೆ ಬಾರಿಸಿ ಪ್ರಾರ್ಥನೆ ಮುಗಿದೊಡನೆ ನಡೆಯುವ ಮೊದಲ ಕೆಲಸ ಹಾಜರಿ. ಗುರುಗಳು ಹೆಸರು ಕರೆಯುತ್ತಾರೆ. ಬಂದವರ ಮುಂದೆ ಒಂದು ಗುರುತು, ಬಾರದವರ ಮುಂದೆ ಇನ್ನೊಂದು ಗುರುತು ಬೀಳುತ್ತದೆ. ಇದಕ್ಕಿಂತ ನೀರಸವಾದ ಪುಸ್ತಕ ಶಾಲೆಯಲ್ಲಿ ಮತ್ತೊಂದಿಲ್ಲವೆಂದು ತೋರಬಹುದು. ಆದರೆ ಒಬ್ಬ ಹುಡುಗ ಯಾವ ದಿನದಿಂದ ಶಾಲೆ ಬಿಟ್ಟನೆಂಬುದನ್ನು ಖಚಿತವಾಗಿ ಹೇಳಬಲ್ಲದ್ದು ಅದೊಂದೇ. ಅವನು ಬಿಟ್ಟ ದಿನ ಅದು ಯಾರಿಗೂ ತಿಳಿದಿರುವುದಿಲ್ಲ. ನಾಳೆ ಬಂದಾನು ಎಂದುಕೊಂಡಿರುತ್ತಾರೆ. ತಿಂಗಳೊಪ್ಪತ್ತು ಕಳೆದ ಮೇಲೆ ಪುಟ ತಿರುವಿದಾಗಲೇ ಕೊನೆಯ ಗುರುತು ಎಲ್ಲಿದೆಯೆಂಬುದು ಕಣ್ಣಿಗೆ ಬೀಳುತ್ತದೆ.

ಶಾಲೆಯ ಹಿತ್ತಲಿಗೆ ಬಂದು ಹೋಗುವ ಹಕ್ಕಿಗಳ ವಿಷಯದಲ್ಲಿಯೂ ಮಾತು ಇಷ್ಟೇ. ಸೆಪ್ಟೆಂಬರಿನಲ್ಲಿ ಉತ್ತರದ ಬೆಟ್ಟಸೀಮೆಗಳಿಂದ ಇಳಿದು ಬಂದು ನೀರಿನ ತೊಟ್ಟಿಯ ಬಳಿ ಬಾಲವಾಡಿಸುತ್ತ ಓಡಾಡುವ ಬೂದು ಸಿಪಿಲೆ, ಬೇಲಿಯ ಒಣಗೊಂಬೆಯ ಮೇಲೆ ಕುಳಿತು ಕರ್ಕಶವಾಗಿ ಕೂಗುವ ಕಂದು ಕಳಿಂಗ, ಪೊದೆಯೊಳಗೆ ಅಡಗಿ ಟಕ್ ಟಕ್ ಎನ್ನುವ ಬಣ್ಣಗೆಟ್ಟ ಉಲಿಯಕ್ಕಿ, ಇವು ಬಂದದ್ದು ಒಬ್ಬಿಬ್ಬರ ಗಮನಕ್ಕಾದರೂ ಬರುತ್ತದೆ. ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ವಸಂತ ಕಾಲಿಟ್ಟು ಮಾವು ಚಿಗುರಿ ಕೋಗಿಲೆ ಕೂಗತೊಡಗಿದಾಗ ಜನರ ಕಿವಿ ಅತ್ತ ತಿರುಗುತ್ತದೆ. ಅದೇ ವಾರಗಳಲ್ಲಿ ಆರೇಳು ತಿಂಗಳು ಜೊತೆಗಿದ್ದ ಈ ಅತಿಥಿಗಳು ಹೇಳದೆ ಕೇಳದೆ ಹೊರಟುಹೋಗುತ್ತವೆ. ಅವುಗಳಿಗೂ ಒಂದು ಹಾಜರಿ ಪುಸ್ತಕವಿರಬೇಕು, ಅದನ್ನಿಡಲು ಶಾಲೆಗಿಂತ ತಕ್ಕ ಸ್ಥಳ ಬೇರೊಂದಿಲ್ಲ, ಹಾಗೂ ಅದರಲ್ಲಿ ಬರೆದುದು ಶಾಲೆಯ ಕಪಾಟಿನಲ್ಲಿಯೇ ಉಳಿಯದೆ ಹತ್ತು ಜನರ ಕೈ ಸೇರಬೇಕು ಎಂಬುದನ್ನು ಉಪಾಧ್ಯಾಯ ವರ್ಗದವರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಆಲೋಚಿಸತಕ್ಕುದಾಗಿದೆ.

ಅಮೆರಿಕ ಕೆನಡಾ ದೇಶಗಳಲ್ಲಿ ಮನೆಯ ಹಿತ್ತಲಿನಲ್ಲಿ ಹಕ್ಕಿಗಳಿಗೆ ಕಾಳು ಇಡುವ ತಟ್ಟೆಯನ್ನೋ ಕೊಳವೆಯನ್ನೋ ತೂಗುಹಾಕುವುದು ಸಾಮಾನ್ಯ ಗೃಹಸ್ಥರ ರೂಢಿ. ಅದನ್ನು ಫೀಡರ್ ಎಂದು ಕರೆಯುತ್ತಾರೆ. ಹಿಮ ಬಿದ್ದು ನೆಲವೆಲ್ಲ ಮುಚ್ಚಿಹೋದ ತಿಂಗಳುಗಳಲ್ಲಿ ಸೂರ್ಯಕಾಂತಿಯ ಬೀಜ ತಿನ್ನಲು ಬರುವ ಕೆಲವೇ ಜಾತಿಯ ಹಕ್ಕಿಗಳನ್ನು ಕಿಟಕಿಯ ಒಳಗಿನಿಂದ ನೋಡುತ್ತ ಕುಳಿತವರಿಗೆ ಮಾರ್ಚ್ ತಿಂಗಳು ಬಂದೊಡನೆ ಹಬ್ಬ ಬಂದಂತೆ. ಕೆಂಪು ಹೆಗಲಿನ ಕರಿಯಕ್ಕಿ ಬಂತು, ರಾಬಿನ್ ಬಂತು ಎಂದು ಮನೆಮನೆಯಲ್ಲಿ ಮಾತು. ಮೇ ತಿಂಗಳ ಹೊತ್ತಿಗೆ ಓರಿಯೋಲ್ ಹಕ್ಕಿಗಾಗಿ ಕಿತ್ತಳೆಯ ಹೋಳುಗಳನ್ನು ಮೊಳೆಗೆ ಸಿಕ್ಕಿಸಿಟ್ಟು ಕಾಯುತ್ತಾರೆ. ಬಂದುದನ್ನು ಕಂಡವರು ನೆರೆಯವರಿಗೆ ಹೇಳದೆ ಇರಲಾರರು. ಕೇಳಿದವರು, ತಮ್ಮಲ್ಲಿಗೆ ನಿನ್ನೆಯೇ ಬಂದಿತ್ತೆಂದು ಹೇಳದೆ ಬಿಡಲಾರರು! ಬೇಲಿಯಾಚೆಗಿನ ಈ ಹರಟೆಯನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಒಬ್ಬ ಶಾಲಾ ಉಪಾಧ್ಯಾಯರೆಂಬುದು ಇಲ್ಲಿ ಸ್ಮರಣೀಯವಾದ ಸಂಗತಿ.

ಅವರ ಹೆಸರು ವೆಲ್ಸ್ ಕುಕ್. 1881ರಲ್ಲಿ ಅವರು ಮಿನ್ನೆಸೋಟ ಸೀಮೆಯಲ್ಲಿ ಮೂಲನಿವಾಸಿಗಳ ಮಕ್ಕಳಿಗೆ ಪಾಠ ಹೇಳುತ್ತಿದ್ದ ತರುಣರು. ವಸಂತದಲ್ಲಿ ಹಕ್ಕಿಗಳು ದಕ್ಷಿಣದಿಂದ ಬರುವುದನ್ನು ಒಂದೇ ಊರಿನಲ್ಲಿ ಕುಳಿತು ಎಷ್ಟು ವರ್ಷ ನೋಡಿದರೂ ಅವು ಹೇಗೆ ಬಂದುವೆಂಬುದು ತಿಳಿಯುವುದಿಲ್ಲ. ದಾರಿಯುದ್ದಕ್ಕೂ ಇರುವ ಊರುಗಳಲ್ಲಿ ಯಾವಯಾವ ದಿನ ಕಂಡುವೆಂಬುದು ಗೊತ್ತಾದರೆ ಮಾತ್ರ ಪಯಣದ ವೇಗವೂ ದಾರಿಯೂ ಸ್ಪಷ್ಟವಾದೀತು. ಇಷ್ಟು ಸರಳವಾದ ಆಲೋಚನೆಯಿಂದ ಅವರು ಮಿಸಿಸಿಪಿ ಕಣಿವೆಯ ಪಕ್ಷಿಪ್ರಿಯರಿಗೆ ಪತ್ರ ಬರೆದು ದಿನಾಂಕಗಳನ್ನು ಕೇಳತೊಡಗಿದರು. ಅಮೆರಿಕದ ಪಕ್ಷಿಶಾಸ್ತ್ರಜ್ಞರ ಸಂಘ 1883ರಲ್ಲಿ ಹುಟ್ಟಿದಾಗ ಈ ಕೆಲಸವನ್ನು ಅದು ವಹಿಸಿಕೊಂಡಿತು. ಮುಂದೆ ಸರಕಾರವೇ ನಡೆಸಿಕೊಂಡು ಬಂದಿತು. ಅಂಗೈಯಗಲದ ಕಾರ್ಡುಗಳ ಮೇಲೆ ಊರು, ಹಕ್ಕಿಯ ಹೆಸರು, ಮೊದಲು ಕಂಡ ದಿನ, ಮತ್ತೆ ಕಂಡ ದಿನ, ಯಥೇಚ್ಛವಾಗಿ ಕಂಡ ದಿನ, ಕೊನೆಯದಾಗಿ ಕಂಡ ದಿನ, ಇಷ್ಟನ್ನು ತುಂಬಿ ಅಂಚೆಗೆ ಹಾಕುವುದು, ಕೆಲಸವೆಂದರೆ ಇಷ್ಟೇ. ರೈತರು, ಅಂಚೆಯವರು, ಗೃಹಿಣಿಯರು, ಉಪಾಧ್ಯಾಯರು ಬರೆದರು. ಕುಕ್ ಅವರು 1916ರಲ್ಲಿ ತೀರಿಕೊಂಡರೂ ಕಾರ್ಡುಗಳು ಬರುವುದು ನಿಲ್ಲಲಿಲ್ಲ. 1970ರಲ್ಲಿ ಸರಕಾರ ಈ ಯೋಜನೆಯನ್ನು ಮುಚ್ಚುವ ಹೊತ್ತಿಗೆ ಕೂಡಿಬಿದ್ದ ಕಾರ್ಡುಗಳ ಸಂಖ್ಯೆ ಸುಮಾರು 60 ಲಕ್ಷ.

ಆ ಮೇಲಿನ ಕಥೆ ಸ್ವಲ್ಪ ದುಃಖದ್ದು, ಹೆಚ್ಚು ಸಮಾಧಾನದ್ದು. ಯಾರೂ ಕೇಳುವವರಿಲ್ಲದೆ ಆ 60 ಲಕ್ಷ ಕಾರ್ಡುಗಳು ಕಪಾಟುಗಳಲ್ಲಿ ಬಿದ್ದಿದ್ದುವು. ಚಾಂಡ್ಲರ್ ರಾಬಿನ್ಸ್ ಎಂಬ ಪಕ್ಷಿಶಾಸ್ತ್ರಜ್ಞರು ಮುತುವರ್ಜಿ ವಹಿಸಿ ಅವನ್ನು ಕಾಪಾಡಿದರು. ಈ ಶತಮಾನದ ಮೊದಲ ದಶಕ ಕೊನೆಗೊಳ್ಳುವ ಹೊತ್ತಿಗೆ, ಕಾರ್ಡುಗಳ ಚಿತ್ರ ತೆಗೆದು ಅಂತರ್ಜಾಲಕ್ಕೆ ಏರಿಸಿ, ಮನೆಯಲ್ಲಿಯೇ ಕುಳಿತ ಸ್ವಯಂಸೇವಕರಿಂದ ಒಂದೊಂದನ್ನೂ ಓದಿಸಿ ಬರೆಯಿಸುವ ಏರ್ಪಾಡು ಶುರುವಾಯಿತು. ಬರೆದವರಾರಿಗೂ ತಮ್ಮ ಬರಹ ಯಾವುದಕ್ಕೆ ಉಪಯೋಗವಾದೀತೆಂಬ ಕಲ್ಪನೆಯಿರಲಿಲ್ಲ. ಹವಾಮಾನದ ಬದಲಾವಣೆ ಎಂಬ ಮಾತೇ ಆಗ ಜನರ ಬಾಯಲ್ಲಿರಲಿಲ್ಲ. ಆದರೆ ಮೂರು ಗ್ರಾಮಿನಷ್ಟು ತೂಗುವ, ಮಧ್ಯ ಅಮೆರಿಕದಿಂದ ವಸಂತದಲ್ಲಿ ಉತ್ತರಕ್ಕೆ ಬರುವ ಕೆಂಪು ಕೊರಳಿನ ಹಮ್ಮಿಂಗ್ ಹಕ್ಕಿಯ ವಿಷಯದಲ್ಲಿ ಈ ಹಳೆಯ ಕಾರ್ಡುಗಳ ದಿನಾಂಕಗಳನ್ನು 2001ರಿಂದ 2010ರ ವರೆಗೆ ಹಿತ್ತಲ ನೋಡುಗರು ಕಳುಹಿಸಿದ ದಿನಾಂಕಗಳೊಡನೆ ಹೋಲಿಸಿದಾಗ, ಆ ಹಕ್ಕಿ ಹಿಂದಿಗಿಂತ 11ರಿಂದ 18 ದಿನ ಮೊದಲೇ ಬರುತ್ತಿದೆಯೆಂಬುದು ಬೆಳಕಿಗೆ ಬಂದಿತು. 2013ರಲ್ಲಿ ಪ್ರಕಟವಾದ ಈ ಶೋಧನೆಯನ್ನು ಯಾವ ಪ್ರಯೋಗಶಾಲೆಯ ಯಂತ್ರವೂ ಮಾಡಿಕೊಡುವಂತಿರಲಿಲ್ಲ. ಕಳೆದುಹೋದ ವಸಂತವನ್ನು ಮತ್ತೆ ಅಳೆಯುವ ಉಪಕರಣವನ್ನು ಯಾರೂ ಕಂಡುಹಿಡಿದಿಲ್ಲವಷ್ಟೆ.

ಫೀಡರ್ ನೋಡುವವರಿಗಾಗಿಯೇ ಒಂದು ವ್ಯವಸ್ಥಿತ ಗಣತಿ 1976ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಆರಂಭವಾಯಿತು. 1987ರ ಚಳಿಗಾಲದಿಂದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಶಾಲೆಯ ಜೊತೆಗೂಡಿ ಉತ್ತರ ಅಮೆರಿಕಕ್ಕೆಲ್ಲ ಹಬ್ಬಿತು. ಅದರ ಒಂದು ನಿಯಮ ತುಂಬ ಜಾಣತನದ್ದು. ಬೆಳಗಿನಿಂದ ಸಂಜೆಯ ವರೆಗೆ ಬಂದ ಗುಬ್ಬಿಗಳನ್ನೆಲ್ಲ ಕೂಡಿಸಿ ಬರೆಯಬಾರದು. ಒಂದೇ ನೋಟಕ್ಕೆ ಅತಿ ಹೆಚ್ಚು ಎಷ್ಟು ಕಂಡುವೋ ಆ ಸಂಖ್ಯೆಯೊಂದನ್ನೇ ಬರೆಯಬೇಕು. ಒಂದೇ ಹಕ್ಕಿ ಹತ್ತು ಸಲ ಬಂದರೆ ಅದು ಹತ್ತು ಹಕ್ಕಿಯಾಗಬಾರದೆಂಬುದು ಇದರ ಉದ್ದೇಶ. ಐದನೆಯ ತರಗತಿಯ ಹುಡುಗನಿಗೂ ಹೇಳಿಕೊಡಬಹುದಾದ ನಿಯಮವಿದು. ಲೆಕ್ಕ ಮಾಡುವುದಕ್ಕೂ ಲೆಕ್ಕವನ್ನು ಉಬ್ಬಿಸುವುದಕ್ಕೂ ಇರುವ ಅಂತರ ಇದರಿಂದ ತಿಳಿಯುವಷ್ಟು ಚೆನ್ನಾಗಿ ಗಣಿತದ ಪಾಠದಿಂದಲೂ ತಿಳಿಯದೇನೋ.

ಹಿತ್ತಲ ನೋಡುಗರ ಕಣ್ಣು ಎಷ್ಟು ಬೇಗ ಅಪಾಯವನ್ನು ಗುರುತಿಸಬಲ್ಲುದೆಂಬುದಕ್ಕೂ ಅಲ್ಲಿಯದೇ ಒಂದು ನಿದರ್ಶನವಿದೆ. 1994ರ ಚಳಿಗಾಲದಲ್ಲಿ ವಾಷಿಂಗ್ಟನ್ ಸುತ್ತಮುತ್ತಲಿನ ಮನೆಗಳವರು ತಮ್ಮ ಫೀಡರಿಗೆ ಬರುವ ಹೌಸ್ ಫಿಂಚ್ ಎಂಬ ಸಣ್ಣ ಹಕ್ಕಿಗಳ ಕಣ್ಣು ಊದಿ, ನೀರು ಸುರಿದು, ಮುಚ್ಚಿಹೋಗುತ್ತಿರುವುದನ್ನು ಕಂಡು ತಿಳಿಸಿದರು. ಕೋಳಿಗಳಿಗೆ ತಗಲುವ ರೋಗಾಣುವೊಂದು ಕಾಡುಹಕ್ಕಿಗೆ ದಾಟಿತ್ತು. ಆ ರೋಗ ಯಾವ ವರ್ಷ ಎಲ್ಲಿಗೆ ತಲುಪಿತೆಂಬುದನ್ನು ಸಾವಿರಾರು ಹಿತ್ತಲುಗಳ ವರದಿಗಳಿಂದಲೇ ನಕಾಶೆಯ ಮೇಲೆ ಗುರುತಿಸಲಾಯಿತು. ಅಷ್ಟರಲ್ಲಿ ಪೂರ್ವ ಭಾಗದ ಆ ಹಕ್ಕಿಗಳ ಸಂಖ್ಯೆ ತೀರ ಕುಗ್ಗಿತ್ತು. ಕಾಳಿನ ತಟ್ಟೆಯೇ ರೋಗ ಹರಡುವ ಸ್ಥಳವೂ ಆಗಿತ್ತೆಂಬುದು ಈ ಕಥೆಯ ಇನ್ನೊಂದು ಮುಖ. ಅದರ ಮಾತು ಮುಂದೆ ಬರುತ್ತದೆ.

ಇದೆಲ್ಲ ಶ್ರೀಮಂತ ದೇಶದ ಬಿಡುವಿನ ಹವ್ಯಾಸವೆಂದು ತಳ್ಳಿಹಾಕುವವರೂ ಇದ್ದಾರು. ಭಾರತದ ಅನುಭವ ಹಾಗೆ ಹೇಳುವುದಿಲ್ಲ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದುದು ಈ ನಾಡಿನ ಪಕ್ಷಿಶಾಸ್ತ್ರದ ಒಂದು ಮೈಲಿಗಲ್ಲು. 1960ರ ಸುಮಾರಿಗೆ ಜಾಫರ್ ಫತೇಅಲಿಯವರು ಮುಂಬಯಿಯಿಂದ ಹವ್ಯಾಸಿಗಳಿಗಾಗಿ ಹೊರಡಿಸತೊಡಗಿದ ಸೈಕ್ಲೋಸ್ಟೈಲ್ ಪತ್ರಿಕೆಯಲ್ಲಿ ಊರೂರಿನವರು ತಮ್ಮ ಹಿತ್ತಲಿನಲ್ಲಿ ಕಂಡುದನ್ನು ಬರೆದು ಹಂಚಿಕೊಂಡರು. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಮೈಗ್ರಂಟ್‌ವಾಚ್ ಎಂಬ ಯೋಜನೆ ಹೊರಟಿತು; ವಲಸೆ ಹಕ್ಕಿಗಳನ್ನು ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಇವನ್ನು ಸಾಮಾನ್ಯರಿಂದ ಸಂಗ್ರಹಿಸುವುದೇ ಅದರ ಗುರಿ. ಕುಕ್ ಅವರ ಕಾರ್ಡಿಗೂ ಇದಕ್ಕೂ ನಡುವೆ ನೂರಿಪ್ಪತ್ತೈದು ವರ್ಷಗಳ ಅಂತರವಿದ್ದರೂ ಕೇಳಿದ ಪ್ರಶ್ನೆ ಒಂದೇ. 2013ರಿಂದ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನಗಳ ಹಿತ್ತಲ ಹಕ್ಕಿ ಗಣತಿಯಲ್ಲಿ ಭಾರತವೂ ಸೇರಿದೆ. ಅದರ ಅಂಗವಾಗಿಯೇ ಶಾಲೆ ಕಾಲೇಜುಗಳ ಆವರಣಗಳ ಗಣತಿ ನಡೆಯುತ್ತದೆ. ಹದಿನೈದು ನಿಮಿಷ ನಿಂತು ನೋಡಿ, ಗುರುತು ಹಿಡಿದ ಹಕ್ಕಿಗಳನ್ನೆಲ್ಲ ಬಿಡದೆ ಬರೆದು, ಈಬರ್ಡ್ ಎಂಬ ಸಾಮಾನ್ಯ ಭಂಡಾರಕ್ಕೆ ಒಪ್ಪಿಸಿದರೆ ಆಯಿತು.

'ಬಿಡದೆ ಬರೆದು' ಎಂಬ ಮಾತಿನ ಮೇಲೆ ಒತ್ತು ಬೀಳಬೇಕು. ನವರಂಗವನ್ನು ಕಂಡವರು ನವರಂಗವನ್ನು ಮಾತ್ರ ಬರೆದು ಕಾಗೆ ಗೊರವಂಕಗಳನ್ನು ಬಿಟ್ಟರೆ ಆ ಪಟ್ಟಿಯಿಂದ ಕಾಗೆಯ ಕಥೆ ತಿಳಿಯುವುದಿಲ್ಲ. ಎಲ್ಲವನ್ನೂ ಬರೆದ ಪಟ್ಟಿಯಲ್ಲಿ ಗುಬ್ಬಿಯ ಹೆಸರಿಲ್ಲದಿದ್ದರೆ, ಗುಬ್ಬಿ ಅಲ್ಲಿ ಕಾಣಲಿಲ್ಲವೆಂಬುದೂ ಒಂದು ಸಂಗತಿಯಾಗಿ ದಾಖಲಾಗುತ್ತದೆ. ಗೈರುಹಾಜರಿಯೂ ಹಾಜರಿ ಪುಸ್ತಕದ ಭಾಗವೇ. ಇಂಥ ಪಟ್ಟಿಗಳ ಆಧಾರದ ಮೇಲೆಯೇ 'ಭಾರತದ ಹಕ್ಕಿಗಳ ಸ್ಥಿತಿಗತಿ' ಎಂಬ ವರದಿ 2020ರಲ್ಲಿ ಮೊದಲ ಬಾರಿಗೂ 2023ರಲ್ಲಿ ಎರಡನೆಯ ಬಾರಿಗೂ ಹೊರಬಂದಿತು. ಎರಡನೆಯ ವರದಿಯ ಹಿಂದೆ ಸುಮಾರು ಮೂವತ್ತು ಸಾವಿರ ಜನರ ಮೂರು ಕೋಟಿ ವೀಕ್ಷಣೆಗಳಿದ್ದುವು. ಪರಿಶೀಲಿಸಿದ 942 ಜಾತಿಗಳಲ್ಲಿ ದೀರ್ಘಕಾಲದ ಏರಿಳಿತವನ್ನು ನಿರ್ಧರಿಸಲು ಸಾಕಷ್ಟು ಮಾಹಿತಿ ದೊರೆತದ್ದು 338ಕ್ಕೆ ಮಾತ್ರ. ಅವುಗಳಲ್ಲಿ ನೂರಕ್ಕೆ 60ರಷ್ಟು ಜಾತಿಗಳು ಕುಗ್ಗಿವೆ. ದೂರದೇಶಗಳಿಂದ ವಲಸೆ ಬರುವ ಹಕ್ಕಿಗಳು ಹೆಚ್ಚು ಪೆಟ್ಟು ತಿಂದಿವೆ. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಬೇಕು. ಉಳಿದ ಆರುನೂರು ಜಾತಿಗಳ ಗತಿ ಏನೆಂಬುದನ್ನು ಹೇಳಲಾಗದಿರುವುದಕ್ಕೆ ಕಾರಣ, ಹಳೆಯ ದಿನಗಳಲ್ಲಿ ಅವನ್ನು ಕಂಡವರು ಬರೆದಿಡಲಿಲ್ಲವೆಂಬುದೇ.

ಬರೆದಿಡದಿದ್ದರೆ ಏನಾಗುತ್ತದೆಂಬುದಕ್ಕೆ ಗುಬ್ಬಚ್ಚಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಗುಬ್ಬಚ್ಚಿಗಳು ಮಾಯವಾದುವು ಎಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಮೊಬೈಲ್ ಗೋಪುರಗಳಿಂದ ಎಂದೊಬ್ಬರು, ಹೆಂಚಿನ ಮನೆ ಹೋದುದರಿಂದ ಎಂದೊಬ್ಬರು, ಕೀಟನಾಶಕದಿಂದ ಎಂದು ಮತ್ತೊಬ್ಬರು. ಕಾಲು ಶತಮಾನದ ಪಟ್ಟಿಗಳನ್ನು ಕೂಡಿಸಿ ನೋಡಿದ 2020ರ ವರದಿ, ದೇಶದಲ್ಲಿ ಒಟ್ಟಾರೆ ಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ನಗರಗಳಲ್ಲಿ ಮಾತ್ರ ಕುಗ್ಗಿದೆ ಎಂದು ಹೇಳಿತು. ಹಾಗಾದರೆ ನಮ್ಮೂರಿನಲ್ಲಿ ಏನಾಯಿತು ಎಂದು ಯಾವುದಾದರೂ ಒಂದು ತಾಲೂಕಿನ ಶಾಲೆಯವರು ಕೇಳಿದರೆ ಉತ್ತರವಿಲ್ಲ. ಐವತ್ತು ವರ್ಷಗಳ ಹಿಂದೆ ಅಂಗಳದಲ್ಲಿ ಮೊರ ಹಿಡಿದು ಕೇರುತ್ತಿದ್ದ ಅಜ್ಜಿಯರ ಸುತ್ತ ನುಚ್ಚಿಗಾಗಿ ಮುತ್ತುತ್ತಿದ್ದ ಗುಬ್ಬಿಗಳನ್ನು ಆಗಿನ ಉಪಾಧ್ಯಾಯರಲ್ಲಿ ಒಬ್ಬರು ತಿಂಗಳಿಗೊಮ್ಮೆ ಎಣಿಸಿ ಬರೆದಿಟ್ಟಿದ್ದರೆ ಇಂದು ಉತ್ತರವಿರುತ್ತಿತ್ತು. ಅವರನ್ನು ದೂರುವುದು ಸಲ್ಲದು. ಆಗ ಅದು ಎಣಿಸಬೇಕಾದ ವಸ್ತುವೆಂದು ಯಾರಿಗೂ ತೋರುವಂತಿರಲಿಲ್ಲ. ಈಗ ತೋರಿದೆ, ಇನ್ನು ಮುಂದೆ ಆ ಸಬೂಬು ನಡೆಯದು.

ಅಮೆರಿಕದ ಪದ್ಧತಿಯನ್ನು ಇಲ್ಲಿ ಹಾಗೆಯೇ ನೆಟ್ಟರೆ ಬೇರುಬಿಡುವುದಿಲ್ಲವೆಂಬುದನ್ನೂ ಹೇಳಬೇಕು. ಅಲ್ಲಿಯ ವಸಂತ ಬರವಿನ ಕಾಲ. ಇಲ್ಲಿಯ ವಸಂತ ಬಹುಮಟ್ಟಿಗೆ ಬೀಳ್ಕೊಡುವ ಕಾಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮಾರ್ಚ್ ಮುಗಿಯುವ ಮೊದಲೇ ಹಿಮಾಲಯ ದಾಟಿ ಟಿಬೆಟ್ಟು ಮಂಗೋಲಿಯಗಳ ಕಡೆಗೆ ಹೊರಡುತ್ತವೆ. 2024ರಲ್ಲಿ ಆ ಕೆರೆ ರಾಮ್‌ಸಾರ್ ಪಟ್ಟಿಗೆ ಸೇರಿ ಜಗತ್ತಿನ ಕಣ್ಣಿಗೆ ಬಿದ್ದಿತು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದನ್ನು ಇಲ್ಲಿಯ ಹವ್ಯಾಸಿಗಳು ಬರೆದು ತಿಳಿಸಿದ್ದಾರೆ. ಕೆರೆಯ ಹೆಬ್ಬಾತಿಗೆ ನೋಡುಗರ ಕೊರತೆಯಿಲ್ಲ. ಶಾಲೆಯ ಬೇಲಿಯ ಉಲಿಯಕ್ಕಿಗೆ ಇದೆ. ಕಣ್ಣಿಗೆ ಅಂದವಿಲ್ಲದ, ಕಂಡರೂ ಎರಡು ನಿಮಿಷ ಒಂದೆಡೆ ನಿಲ್ಲದ ಆ ಹಕ್ಕಿಯೂ ಮಧ್ಯ ಏಷ್ಯದಾಚೆಗೆ ಹೋಗಿ ಮರಿ ಮಾಡಿ ಮತ್ತೆ ಬರುವಂಥದು. ಅದು ಹೊರಟ ದಿನವನ್ನು ಹಿಡಿಯಬೇಕಾದರೆ ಫೆಬ್ರವರಿಯ ನಾಲ್ಕು ದಿನದ ಗಣತಿ ಸಾಲದು. ಮೊದಲ ಬಾರಿ ಕಂಡುದನ್ನು ಕಂಡ ದಿನವೇ ಬರೆಯಬಹುದು. ಕೊನೆಯ ಬಾರಿ ಕಂಡುದನ್ನು ಕಂಡ ದಿನ ಬರೆಯಲಾಗುವುದಿಲ್ಲ, ಏಕೆಂದರೆ ಅದು ಕೊನೆಯದೆಂದು ಆಗ ತಿಳಿದಿರುವುದಿಲ್ಲ. ದಿನಂಪ್ರತಿ ಗುರುತು ಹಾಕುವವನಿಗೆ ಮಾತ್ರ ಆ ದಿನಾಂಕ ಸಿಕ್ಕುತ್ತದೆ. ಎಷ್ಟೇ ಉತ್ಸಾಹಿಯಾದರೂ ಒಬ್ಬ ವ್ಯಕ್ತಿಗೆ ಇದು ಕಷ್ಟ. ವರ್ಷಕ್ಕೆ ಇನ್ನೂರು ದಿನಗಳಿಗೂ ಮಿಗಿಲಾಗಿ ಬಾಗಿಲು ತೆರೆದು, ದಿನವೂ ಒಂದೇ ಹೊತ್ತಿಗೆ ಗಂಟೆ ಬಾರಿಸುವ ಸಂಸ್ಥೆಗೆ ಇದು ಬೆನ್ನಿಗೆ ಬಂದ ಅಭ್ಯಾಸ.

ಫೀಡರಿನ ವಿಷಯವೂ ಹಾಗೆಯೇ. ಹಿಮ ಮುಚ್ಚದ ನಾಡಿನಲ್ಲಿ ಹಕ್ಕಿಗೆ ತಟ್ಟೆಯಲ್ಲಿ ಕಾಳಿಡುವ ಅಗತ್ಯ ಬಹಳ ಕಡಿಮೆ. ಇಲ್ಲಿಯ ಫೀಡರ್ ಎಂದರೆ ಮರ. ಎಲೆಯುದುರಿಸಿ ಕೆಂಪಗೆ ಹೂ ಹೊತ್ತು ನಿಂತ ಬೂರುಗ, ಮುತ್ತುಗ, ಹಾಲಿವಾಣಗಳ ಮೇಲೆ ಫೆಬ್ರವರಿ ಮಾರ್ಚಿಯಲ್ಲಿ ಮಕರಂದಕ್ಕಾಗಿ ಸೇರುವ ಗುಲಾಬಿ ಕಬ್ಬಕ್ಕಿಗಳ ಸಂತೆಯನ್ನು ನೋಡಿದವರಿಗೆ ಬೇರೆ ತಟ್ಟೆ ಬೇಕೆನಿಸದು. ಚಳಿಗಾಲವಿಡೀ ಜೋಳದ ಹೊಲಗಳ ಮೇಲೆ ಮೋಡದಂತೆ ಎರಗಿ ರೈತರ ಬೈಗುಳ ತಿಂದ ಆ ಹಕ್ಕಿಗಳು, ದೂರದ ಹುಲ್ಲುಗಾವಲುಗಳಿಗೆ ಹೊರಡುವ ಮುನ್ನ ಇಲ್ಲಿ ಮೈ ತುಂಬಿಕೊಳ್ಳುತ್ತವೆ. ಅಲ್ಲಿ ಮಿಡತೆಗಳನ್ನು ತಿಂದು ಮರಿ ಸಾಕುತ್ತವೆ. ಅತ್ತಿ, ಆಲ, ಗೋಣಿ ಮರಗಳ ಹಣ್ಣು ಕಂಚುಗಾರ ಹಕ್ಕಿಗೂ ಕೋಗಿಲೆಗೂ ಹೊನ್ನಕ್ಕಿಗೂ ಅನ್ನ. ಮಕ್ಕಳೇ ಆಸೆಪಟ್ಟು ಕೀಳುವ ಗಸಗಸೆ ಹಣ್ಣಿನ ಮರ ಪಿಕಳಾರಗಳಿಗೂ ಅಷ್ಟೇ ಪ್ರಿಯ.

ಇಲ್ಲಿ ಒಂದು ನಿಷ್ಠುರದ ಮಾತನ್ನು ಆಡದೆ ಗತ್ಯಂತರವಿಲ್ಲ. ಕಳೆದ ಕೆಲವು ದಶಕಗಳಲ್ಲಿ ಅನೇಕ ಶಾಲೆಗಳ ಆವರಣಗಳು ಶಿಸ್ತಿನ ಹೆಸರಿನಲ್ಲಿ ಬೋಳಾಗಿವೆ. ಕಳ್ಳಿ, ಲಂಟಾನ, ತಂಗಡಿ ಬೆರೆತ ಹಳೆಯ ಬೇಲಿ ಹೋಗಿ ಕಾಂಪೌಂಡ್ ಗೋಡೆ ಬಂದಿತು. ಮಣ್ಣಿನ ಅಂಗಳಕ್ಕೆ ಸಿಮೆಂಟಿನ ಹಾಸುಕಲ್ಲು ಬಂದಿತು. ಕಸ ಬೀಳುತ್ತದೆಂದು ಬೂರುಗದ ಮರ, ಬೇರು ಗೋಡೆ ಒಡೆಯುತ್ತದೆಂದು ಅತ್ತಿಯ ಮರ ನೆಲಕ್ಕುರುಳಿದುವು. ಗೋಡೆಯ ಮೇಲೂ ಕೊಠಡಿಯ ಮೇಲೂ ದಾನಿಗಳ ಹೆಸರಿನ ಕಲ್ಲು ನಿಂತಿತು. ಅದು ನ್ಯಾಯವೇ, ಗೋಡೆಯಿಲ್ಲದ ಶಾಲೆಗೆ ದನ ನುಗ್ಗುವುದನ್ನೂ ಕೊಠಡಿಯಿಲ್ಲದ ಮಕ್ಕಳು ಮಳೆಯಲ್ಲಿ ನೆನೆಯುವುದನ್ನೂ ಕಂಡವರು ಆ ದಾನವನ್ನು ಹಗುರಾಗಿ ಕಾಣಲಾರರು. ಆದರೆ ಒಂದು ಮೂಲೆಯ ಕಾಲು ಎಕರೆ ಪೊದೆಯನ್ನು ಹಾಗೆಯೇ ಬಿಡಿರೆಂದು ದತ್ತಿಯಿಟ್ಟ ದಾನಿಗಳ ಹೆಸರು ಎಲ್ಲಿಯೂ ಕಾಣಸಿಕ್ಕದು. ಪೊದೆಗೆ ಕಲ್ಲು ಕೆತ್ತಿಸುವ ವಾಡಿಕೆಯಿಲ್ಲದಿರುವುದೇ ಇದಕ್ಕೆ ಕಾರಣವಾದರೆ ವಾಡಿಕೆಯನ್ನು ಬದಲಿಸುವುದು ಕಷ್ಟವೇನೂ ಅಲ್ಲ. ಹಕ್ಕಿಗಳ ಹಾಜರಿ ತೆಗೆಯುವ ಮೊದಲು ಅವು ಬಂದು ಕೂಡಲು ತರಗತಿಯೊಂದು ಇರಬೇಡವೇ?

ಕಾಳು ಹಾಕುವುದು ಪುಣ್ಯದ ಕೆಲಸವೆಂದು ತಿಳಿದವರ ಮನಸ್ಸನ್ನು ನೋಯಿಸುವ ಉದ್ದೇಶವಿಲ್ಲ. ಬಾಗಿಲಿಗೆ ಭತ್ತದ ತೆನೆಯನ್ನೋ ಜೋಳದ ತೆನೆಯನ್ನೋ ಗುಬ್ಬಿಗಾಗಿ ಕಟ್ಟುವುದು ಹಿರಿಯರು ಬಿಟ್ಟುಹೋದ ಸೊಗಸಾದ ರೂಢಿ. ಆದರೆ ಒಂದೇ ಜಾಗದಲ್ಲಿ ದಿನವೂ ಮೂಟೆಗಟ್ಟಲೆ ಕಾಳು ಸುರಿದರೆ ಅಲ್ಲಿ ಸೇರುವುದು ಪಾರಿವಾಳದ ಹಿಂಡು. ಸಣ್ಣ ಹಕ್ಕಿಗಳಿಗೆ ಅಲ್ಲಿ ಎಡೆಯಿಲ್ಲ. ಭಾರತದಲ್ಲಿ ಗಣನೀಯವಾಗಿ ಹೆಚ್ಚುತ್ತಿರುವ ಕೆಲವೇ ಹಕ್ಕಿಗಳಲ್ಲಿ ಪಾರಿವಾಳವೂ ಒಂದು. ನೆನೆದು ಬೂಷ್ಟು ಹಿಡಿದ ಕಾಳೂ ತೊಳೆಯದ ತಟ್ಟೆಯೂ ರೋಗದ ತವರು; ಹೌಸ್ ಫಿಂಚ್‌ನ ಕಥೆಯನ್ನು ಮರೆಯಬಾರದು. ಬ್ರಿಟನ್ನಿನಲ್ಲಿಯೂ ಗ್ರೀನ್‌ಫಿಂಚ್ ಎಂಬ ಹಕ್ಕಿ 2005ರ ತರುವಾಯ ಇಂಥದೇ ರೋಗಕ್ಕೆ ತುತ್ತಾಗಿ ಕುಸಿಯಿತು. ಈ ಸೀಮೆಯಲ್ಲಿ ಮಾರ್ಚಿಯಿಂದ ಮೇ ವರೆಗೆ ನಿಜವಾಗಿ ಬೇಕಾದುದು ನೀರು. ಎರಡು ಬೆರಳು ಆಳದ ಅಗಲವಾದ ಮಣ್ಣಿನ ಪಾತ್ರೆ, ಬೆಕ್ಕು ಹೊಂಚು ಹಾಕಲಾಗದ ಬಯಲು ಜಾಗ, ದಿನವೂ ತಿಕ್ಕಿ ತೊಳೆದು ಹೊಸ ನೀರು, ಇಷ್ಟು ಸಾಕು. ಅದನ್ನು ಗ್ರಂಥಾಲಯದ ಕಿಟಕಿಯಿಂದ ಕಾಣುವಂತಿಟ್ಟರೆ ಹಾಜರಿ ತೆಗೆಯುವ ಕೆಲಸ ಅರ್ಧ ಮುಗಿದಂತೆ.

ಉಪಾಧ್ಯಾಯರಿಂದ ಬರುವ ಮೊದಲ ಆಕ್ಷೇಪ, ಇರುವ ಕೆಲಸವೇ ಸಾಕಾಗಿದೆ ಎಂಬುದು. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಗಳ ನಡುವೆ ಪಾಠಕ್ಕೇ ಹೊತ್ತಿಲ್ಲದ ಗುರುಗಳಿಗೆ ಹಕ್ಕಿಯ ಲೆಕ್ಕವನ್ನೂ ಹೊರಿಸುವುದು ಅನ್ಯಾಯವೆಂಬುದನ್ನು ಒಪ್ಪಬೇಕು. ಆದುದರಿಂದ ಇದು ಆಜ್ಞೆಯಾಗಿ ಬರಬಾರದು. ಒಬ್ಬರೇ ಒಬ್ಬ ಉಪಾಧ್ಯಾಯರು ಮನಸ್ಸು ಮಾಡಿ, ನಾಲ್ಕು ಮಕ್ಕಳು ಸರದಿಯಂತೆ ಪ್ರಾರ್ಥನೆಗೆ ಮುನ್ನ ಹದಿನೈದು ನಿಮಿಷ ನಿಂತರೆ ಸಾಕು. ಕೆಲಸ ಕೆಡುವುದು ಅದಕ್ಕೆ ಬಹುಮಾನವಿಟ್ಟಾಗ. ಅತಿ ಹೆಚ್ಚು ಜಾತಿಗಳನ್ನು ಕಂಡ ತರಗತಿಗೆ ಢಾಲು ಕೊಡುವೆವೆಂದು ಘೋಷಿಸಿದ ಮರುದಿನವೇ ಕಾಣದ ಹಕ್ಕಿಗಳು ಪುಸ್ತಕದೊಳಗೆ ಬಂದು ಕೂಡುತ್ತವೆ! ಮಕ್ಕಳ ತಪ್ಪಲ್ಲ ಅದು. ಹೆಚ್ಚಿಗೆ ಬರೆದವರಿಗೆ ಹೆಚ್ಚಿನ ಅಂಕವೆಂಬ ಪಾಠವನ್ನು ಪರೀಕ್ಷೆಯ ಕೊಠಡಿಯಲ್ಲಿ ಕಲಿತು ಬಂದವರು ಅವರು.

ಪ್ರಾಮಾಣಿಕವಾಗಿ 'ಗೊತ್ತಾಗಲಿಲ್ಲ' ಎಂದು ಬರೆಯುವುದಕ್ಕೆ ಮಕ್ಕಳಿಗೆ ಶಾಲೆಯಲ್ಲಿ ಸಿಕ್ಕುವ ಅವಕಾಶ ತೀರ ಕಡಿಮೆ. ಈ ಪುಸ್ತಕದಲ್ಲಿ ಅದಕ್ಕೆ ಮರ್ಯಾದೆಯಿರಬೇಕು. ಚಂದ್ರಮುಕುಟವನ್ನು ಮರಕುಟಿಗವೆಂದು ಕರೆಯುವವರು ದೊಡ್ಡವರಲ್ಲಿಯೇ ಎಷ್ಟೋ ಮಂದಿ ಇದ್ದಾರೆ. ಸಣ್ಣ ಉಲಿಯಕ್ಕಿಗಳಲ್ಲಿ ಇದು ಯಾವುದೆಂದು ಹೇಳಲು ಪಂಡಿತರೂ ತಡವರಿಸುತ್ತಾರೆ. ಈಚೆಗೆ ಮರ್ಲಿನ್‌ನಂಥ ಸಾಧನಗಳು ಕೂಗನ್ನು ಕೇಳಿ ಹಕ್ಕಿಯ ಹೆಸರನ್ನು ಫೋನಿನ ಮೇಲೆ ತೋರಿಸುತ್ತವೆ. ಅದು ಅದ್ಭುತ ಸಹಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಹೇಳಿದ್ದನ್ನು ಕಣ್ಣಿನಿಂದಲೋ ಕಿವಿಯಿಂದಲೋ ತಾಳೆ ನೋಡದೆ ಬರೆದರೆ ಹಾಜರಿ ತೆಗೆದದ್ದು ಯಂತ್ರವೇ ಹೊರತು ಮಗುವಲ್ಲ. ಮತ್ತೊಂದು ವಿಷಯದಲ್ಲಿ ಮಾತ್ರ ಹಂಚಿಕೊಳ್ಳುವ ಉತ್ಸಾಹಕ್ಕೆ ಕಡಿವಾಣ ಬೇಕು. ಗೂಡು ಎಲ್ಲಿದೆ, ಗೂಬೆ ಯಾವ ಪೊಟರೆಯಲ್ಲಿ ಕೂಡುತ್ತದೆ ಎಂಬುದನ್ನು ಊರಿಗೆಲ್ಲ ಸಾರಬಾರದು. ಗೂಬೆಯನ್ನು ಹಿಡಿದು ಮಾಟಮಂತ್ರಕ್ಕೆ ಮಾರುವವರು ಇಂದಿಗೂ ಇದ್ದಾರೆ. ಈಬರ್ಡ್ ಭಂಡಾರವೂ ಇಂಥ ಅಪಾಯದಲ್ಲಿರುವ ಕೆಲವು ಹಕ್ಕಿಗಳ ಠಿಕಾಣಿಯನ್ನು ಮರೆಮಾಡಿಯೇ ಇಡುತ್ತದೆ.

ಹಾಜರಿ ಪುಸ್ತಕ ಕಾಗದದ್ದೇ ಆಗಿರಲಿ. ಮಕ್ಕಳ ಅಕ್ಷರ, ಅವರು ಬಿಡಿಸಿದ ಕೊಕ್ಕು ಬಾಲಗಳ ಚಿತ್ರ, ಮಳೆ ಬಂತೆಂಬ ಒಂದು ಸಾಲು, ಇವೆಲ್ಲ ಅದರಲ್ಲಿರಬೇಕು. ಆದರೆ ಗೆದ್ದಲಿಗೂ ಸೋರುವ ಮಾಡಿಗೂ ಅದು ಒಂದೇ ಪ್ರತಿಯಾಗಿ ಬಲಿಯಾಗಬಾರದು. ವಾರಕ್ಕೊಮ್ಮೆ ಅದನ್ನು ಸಾಮಾನ್ಯ ಭಂಡಾರಕ್ಕೆ ಏರಿಸುವ ಕೆಲಸವನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರು ಹೊತ್ತರೆ ಗುರುಗಳ ಭಾರ ಇಳಿಯುತ್ತದೆ. ಅವರು ಬೆಂಗಳೂರಿನಲ್ಲಿರಲಿ, ಅಮೆರಿಕದಲ್ಲಿಯೇ ಇರಲಿ, ಪುಟದ ಚಿತ್ರ ಕೈ ಸೇರಿದರೆ ಆಯಿತು. ತಮ್ಮ ಹಿತ್ತಲಿನ ಫೀಡರಿಗೆ ಮೇ ತಿಂಗಳಲ್ಲಿ ಬಂದ ಓರಿಯೋಲ್‌ನ ಸುದ್ದಿಯನ್ನು ಅವರು ಮರಳಿ ಬರೆದು ಕಳುಹಿಸಿದರೆ ಮಕ್ಕಳಿಗೆ ಭೂಗೋಳದ ಒಂದು ಪಾಠ ಪುಕ್ಕಟೆಯಾಗಿ ಸಿಕ್ಕೀತು.

ಕೊನೆಯದಾಗಿ ಉಳಿಯುವ ತೊಡಕು ಪಂಚಾಂಗದ್ದು. ವಲಸೆ ಹಕ್ಕಿಗಳು ಹೊರಡುವ ಕಾಲವೂ ಪರೀಕ್ಷೆಯ ಕಾಲವೂ ಒಂದೇ. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶಾಲೆಗೆ ಬೇಸಿಗೆಯ ರಜೆ ಬರುತ್ತದೆ. ಗುಲಾಬಿ ಕಬ್ಬಕ್ಕಿ, ಉಲಿಯಕ್ಕಿ, ಕಂದು ಕಳಿಂಗಗಳಲ್ಲಿ ಕೆಲವಾದರೂ ಆಗಿನ್ನೂ ಆವರಣದಲ್ಲಿಯೇ ಇರುತ್ತವೆ. ಬೇರೆಲ್ಲ ತಿಂಗಳ ಪುಟಗಳು ತುಂಬಿ, ಬೇಕಾದ ಆ ಎರಡು ಮೂರು ವಾರಗಳ ಪುಟಗಳೇ ಖಾಲಿ ಉಳಿಯುವ ಸಂಭವ ಹೆಚ್ಚು. ಊರಿನಲ್ಲಿಯೇ ಇರುವ ನಿವೃತ್ತ ಉಪಾಧ್ಯಾಯರೊಬ್ಬರು, ಶಾಲೆಯ ಗೋಡೆಗೆ ಹೊಂದಿದ ಮನೆಯ ಹುಡುಗಿಯೊಬ್ಬಳು, ಗಿಡಗಳಿಗೆ ನೀರುಣಿಸಲು ದಿನವೂ ಬರುವ ಜವಾನರು, ಈ ಮೂವರಲ್ಲಿ ಯಾರ ಕೈಯಲ್ಲಿ ಪುಸ್ತಕವೂ ಗೇಟಿನ ಕೀಲಿಯೂ ಇರಬೇಕೆಂಬುದನ್ನು ಪರೀಕ್ಷೆಯ ವೇಳಾಪಟ್ಟಿ ಬರೆಯುವ ದಿನವೇ ಗೊತ್ತುಮಾಡಿಕೊಳ್ಳುವುದು ಲೇಸು. ನೀರಿನ ಪಾತ್ರೆ ತೊಳೆಯುವವರೂ ಅವರೇ ಆಗಬೇಕಾಗುತ್ತದೆ.